ಕರಡಿ ಬಣ್ಣ

ಕಾರಹುಣ್ಣಿಮೆಯ ಹಿಂದಿನ ದಿನ ನಮ್ಮ ಅಪ್ಪ ಎತ್ತುಗಳ ಕೋಡಿಗೆ ಬಣ್ಣ ಹಚ್ಚುತ್ತಿದ್ದ. ಎಣ್ಣೆ ಬಣ್ಣ, ಅದಕ್ಕೆ ಬೆರೆಸಿದ ಟರ್ಪೆಂಟೈನು, ಆಗಷ್ಟೇ ಮೈ ತೊಳೆಸಿಕೊಂಡು ನಿಂತ ಎತ್ತಿನ ಹಸಿ ಮೈ, ಈ ಮೂರೂ ಕೂಡಿದ ವಾಸನೆ ಕೊಟ್ಟಿಗೆಯಿಂದ ಎದ್ದು ಅಡುಗೆಮನೆಯವರೆಗೆ ಬರುತ್ತಿತ್ತು. ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಹೂರಣ ರುಬ್ಬುತ್ತಿದ್ದಳು. ನನಗೆ ಮತ್ತು ನನ್ನ ತಮ್ಮ ಧರ್ಮರಾಜನಿಗೆ ಮಾತ್ರ ಆ ವಾಸನೆಯೆಂದರೆ ಹಬ್ಬ. ಆರು ವರ್ಷದವನಿದ್ದಾಗ ಅವನು ಒಂದು ಕೋಡಿಗೆ ತಾನೇ ಹಚ್ಚುತ್ತೇನೆಂದು ಹಟ ಹಿಡಿದು, ಕೋಡಿಗಿಂತ ಕಿವಿಗೇ ಹೆಚ್ಚು ಬಳಿದಿದ್ದ. ಆ ಎತ್ತು ದೀಪಾವಳಿಯವರೆಗೂ ಒಂದು ಹಸಿರು ಕಿವಿಯನ್ನು ಅಲ್ಲಾಡಿಸುತ್ತ ಊರಲ್ಲಿ ತಿರುಗಿತು.

ಅದೇ ವಾಸನೆ ಹೋದ ಚಳಿಗಾಲದಲ್ಲಿ ಅಕ್ಕಲಕೋಟೆಯ ನಮ್ಮ ಮನೆಯ ಹಿತ್ತಲಲ್ಲಿ ಎದ್ದಿತು. ನನಗೀಗ ಎಪ್ಪತ್ತೊಂದು, ಧರ್ಮರಾಜನಿಗೆ ಅರವತ್ತಮೂರು. ಈ ಸಲ ಎತ್ತು ಇರಲಿಲ್ಲ. ಹೊರಸಿನ ಮೇಲೆ ಒಂದು ಕಾರಿನ ನಾಲ್ಕು ಬಾಗಿಲುಗಳ ಒಳಗಿನ ಪ್ಲಾಸ್ಟಿಕ್ ಹಲಗೆಗಳು ಮಲಗಿದ್ದವು. ಕಾರು ನಮ್ಮದಲ್ಲ. ಧರ್ಮರಾಜನದೂ ಅಲ್ಲ. ಅದೇ ತೊಂದರೆ.

ಕಾರು ಶಾಂತಲಿಂಗಪ್ಪನವರದು. ಅವರದು ಸೊಲ್ಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ, ಅಂಗಡಿಯ ಮೇಲೆಯೇ ಮನೆ. ಅವರ ಮಗಳು ರೂಪಾಲಿಯನ್ನು ಧರ್ಮರಾಜನ ಮಗ ನಿತಿನನಿಗೆ ತರುವ ಮಾತು ನಡೆದಿತ್ತು. ಮುಕ್ಕಾಲು ಕೂಡಿ ಬಂದಿತ್ತು. ಉಳಿದ ಕಾಲುಭಾಗ ರೂಪಾಲಿಯ ತಾಯಿ ಪಾರ್ವತಿಬಾಯಿಯವರ ಕೈಯಲ್ಲಿತ್ತು. ನಾವು ಹುಡುಗಿ ನೋಡಲು ಹೋದ ದಿನವೇ ಅವರು ಉಪ್ಪಿಟ್ಟಿನ ತಟ್ಟೆ ಮುಂದಿಡುತ್ತ ಶಾಂತವಾಗಿ ಹೇಳಿದ್ದರು: "ಹುಡುಗ ಚಲೋ ಇದ್ದಾನ. ಚಿಂಚೋಳಿ ಎಂಐಡಿಸಿಯೊಳಗ ಫ್ಯಾಕ್ಟರಿ ನೌಕರಿ ಮಾಡತಾನ, ಎಲ್ಲಾ ಖರೆ. ಆದರ ಮನಿ ಹೊಲದಾಗ ಅದ. ನಮ್ಮ ಹುಡುಗಿ ಪೇಠದಾಗ ಬೆಳದಾಕಿ. ಆ ಮನಿಯವ್ರು ಆಕೀನ ಹ್ಯಾಂಗ ಸಂಬಾಳಿಸ್ತಾರ ಅಂತ ನನ್ನ ಮನಸ ಇನ್ನಾ ಗಟ್ಟಿ ಆಗಿಲ್ಲರಿ."

ಅದರ ನಡುವೆ ನನ್ನ ಯಜಮಾನರ ಕಣ್ಣಿನ ಪೊರೆಯ ಆಪರೇಶನ್ ಬಂತು. ಯಜಮಾನರೆಂದರೆ ಚನ್ನವೀರಪ್ಪ ಮಾಸ್ತರರು. ಕನ್ನಡ ಸಾಲೆಯಲ್ಲಿ ಮೂವತ್ನಾಲ್ಕು ವರ್ಷ ಪಾಠ ಹೇಳಿ ನಿವೃತ್ತರಾದವರು. ಅವರನ್ನು ಸೊಲ್ಲಾಪುರದ ದವಾಖಾನೆಗೆ ಬಸ್ಸಿನಲ್ಲಿ ಒಯ್ಯುತ್ತೇವೆಂದು ಕೇಳಿ ಶಾಂತಲಿಂಗಪ್ಪನವರು ತಾವಾಗಿಯೇ ಧರ್ಮರಾಜನ ಕೈಗೆ ಕೀಲಿ ಕೊಟ್ಟರು. "ಶುಕ್ರವಾರದ ತನಕಾ ಇರಲಿ. ಆವತ್ತ ಎಲ್ಲಾರೂ ಕೂಡೇ ಬರ್ರಿ, ಸಾಖರಪುಡಾದ ದಿನಾ ತಗಿಯೂಣು," ಎಂದರು. ಸಾಖರಪುಡಾ ಎಂದರೆ ನಿಶ್ಚಿತಾರ್ಥ. ಎಂಟು ವರ್ಷದ ಗಾಡಿಯಾದರೂ ನಿನ್ನೆ ತಂದ ಹಾಗಿತ್ತು. ಸೀಟಿನ ಕೆಳಗೆ ಕೈ ಹಾಕಿದರೂ ಒಂದು ಕಡಲೆಬೀಜದ ಸಿಪ್ಪೆ ಸಿಗುತ್ತಿರಲಿಲ್ಲ.

ಸೋಮವಾರ ಆಪರೇಶನ್ ಆಯಿತು. ಮಂಗಳವಾರ ಮನೆಗೆ ಬಂದೆವು. ಧರ್ಮರಾಜ ಗಾಡಿ ತೆಗೆದುಕೊಂಡು ತನ್ನ ಊರಿಗೆ ಹೋದ. ಬುಧವಾರ ಬೆಳಗ್ಗೆ ಎಂಟಕ್ಕೆ ಅದೇ ಗಾಡಿಯನ್ನು ನಮ್ಮ ಹಿತ್ತಲಿನ ತಗಡಿನ ಕೆಳಗೆ ಹಿಮ್ಮುಖವಾಗಿ ತಂದು ನಿಲ್ಲಿಸಿ, ಒಳಗೆ ಬಂದು ನೀರು ಕುಡಿದು, ಮತ್ತೊಂದು ತಂಬಿಗೆ ನೀರು ಕುಡಿದು ಕುಳಿತ.

"ಅಕ್ಕಾ, ಒಂದ ಹಳೀ ಚಾದರ ಇದ್ರ ಕೊಡು. ಗಾಡಿ ಮ್ಯಾಲ ಹಾಕಬೇಕು."

"ಯಾಕೋ?"

"ಯಾರರ ನೋಡ್ಯಾರು."

ನಾನೇ ಹೋಗಿ ನೋಡಿದೆ. ಹೊರಗೆ ಏನೂ ಆಗಿರಲಿಲ್ಲ. ಹಿಂದಿನ ಬಾಗಿಲು ತೆರೆದರೆ, ಒಳಗಿನ ಬೂದು ಬಣ್ಣದ ಹಲಗೆಯ ಮೇಲೆ ಯಾರೋ ಕುಡಗೋಲಿನಿಂದ ಗೆರೆ ಎಳೆದಂತೆ ಉದ್ದುದ್ದ ಗೀರುಗಳು. ಆಚೆ ಬದಿಯ ಬಾಗಿಲಲ್ಲೂ ಅಷ್ಟೇ.

"ಆಡು," ಎಂದ ಧರ್ಮರಾಜ ನನ್ನ ಬೆನ್ನ ಹಿಂದೆ ನಿಂತು. "ಹೋಗೂ ಮುಂದ ಎಡಕ್ಕ ಮಾರಿ ಮಾಡಿತ್ತು. ಬರೂ ಮುಂದ ಬಲಕ್ಕ."

ಅವನ ಹೊಲದ ಪಕ್ಕದಲ್ಲಿ ಹಣಮವ್ವ ಎನ್ನುವ ಮುದುಕಿ ಇದ್ದಾಳೆ. ಆಕೆಗಿರುವುದು ಒಂದು ಗುಡಿಸಲು, ಒಂದು ಆಡು. ಆ ದಿನ ನಸುಕಿನಲ್ಲೇ ಆಡಿಗೆ ಹೆರಿಗೆ ಆಗದೆ ಅದು ಬಿದ್ದು ಒದ್ದಾಡುತ್ತಿತ್ತಂತೆ. ಹಣಮವ್ವ ಯಾರನ್ನೂ ಏನೂ ಕೇಳಲಿಲ್ಲವಂತೆ. ಆಡಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದಕ್ಕೆ ಸಣ್ಣ ದನಿಯಲ್ಲಿ ಏನೋ ಹೇಳುತ್ತ ಕುಳಿತಿದ್ದಳಂತೆ. ಇವನು ಹಲ್ಲುಜ್ಜುತ್ತ ನೋಡಿದವನು, ಬಾಯಿ ಮುಕ್ಕಳಿಸಿ, ಇಬ್ಬರನ್ನೂ ಗಾಡಿಗೆ ಹಾಕಿಕೊಂಡು ಅಕ್ಕಲಕೋಟೆಯ ದನದ ಡಾಕ್ಟರರ ಮನೆಗೆ ಹೊಡೆದಿದ್ದಾನೆ. ಎರಡು ಮರಿ ಬದುಕಿವೆ, ತಾಯಿಯೂ ಬದುಕಿದೆ. ಎಲ್ಲರನ್ನೂ ಊರಿಗೆ ಬಿಟ್ಟು ಬಂದಿದ್ದಾನೆ.

"ಇದ್ದದ್ದು ಇದ್ದ ಹಂಗ ಬೀಗರಿಗಿ ಹೇಳಿಬಿಡು," ಎಂದೆ.

"ಏನಂತ ಹೇಳ್ಲಿ? ನಿಮ್ಮ ಗಾಡ್ಯಾಗ ಆಡಿನ ಬಾಣಂತನಾ ಮಾಡೀನಿ ಅಂತನ?" ಧರ್ಮರಾಜ ತಲೆ ಕೆರೆದುಕೊಂಡ. "ನಾಕ ದಿನಾ ಗಾಡಿ ಸಂಬಾಳಿಸಾಕ ಆಗದಾಂವ ನನ್ನ ಮಗಳ್ನ ಹ್ಯಾಂಗ ಸಂಬಾಳಿಸ್ತಾನ ಅಂತಾರ ಪಾರ್ವತಿಬಾಯಿ. ಅಂದ ಅಂತಾರ. ನಿತಿನ ಆ ಹುಡಿಗಿನ್ನ ಬಿಟ್ಟ ಬ್ಯಾರೆ ಯಾರ್ನೂ ನೋಡಾಂವಲ್ಲ. ನನ್ನ ಕೈಲಿಂದ ಇದು ಮುರಿಯೂದು ಬ್ಯಾಡ ಅಕ್ಕಾ."

ಆಗ ಒಳಗಿನ ಕೋಣೆಯಿಂದ ಯಜಮಾನರ ದನಿ ಬಂತು. ಕಣ್ಣಿಗೆ ಔಷಧ ಹಾಕಿಕೊಂಡು ಮಲಗಿದ್ದರೂ ಕಿವಿ ಎದ್ದೇ ಇತ್ತು. "ಬಣ್ಣಾ ಹಚ್ಚೋ ಧರ್ಮಾ. ಎತ್ತಿನ ಕಿವಿಗಿ ಹಚ್ಚಿದಾಂವ, ಗಾಡಿಗಿ ಹಚ್ಚಾಕ ಏನ ಧಾಡಿ?"

ಅವರು ಹೇಳಿದ್ದು ಚೇಷ್ಟೆಗೆ. ಅವನು ಹಿಡಿದದ್ದು ಖರೆ ಅಂತ.

ಹತ್ತು ಗಂಟೆಯ ಹೊತ್ತಿಗೆ ಮೊಬೈಲಿನಲ್ಲಿ ಒಂದು ಹಿಂದಿ ವಿಡಿಯೊ ಹಚ್ಚಿಕೊಂಡು ಧರ್ಮರಾಜ ಕಾರಿನ ಬಾಗಿಲಿನ ಹಲಗೆ ಬಿಚ್ಚತೊಡಗಿದ್ದ. ವಿಡಿಯೊದ ಹುಡುಗ ಎಳೆ ನಗೆ ನಗುತ್ತ ಒಂದು ಬೆರಳಿನಿಂದ ಎತ್ತಿದರೆ ಹಲಗೆ ಬಿಟ್ಟುಕೊಳ್ಳುತ್ತಿತ್ತು. ಇವನು ಬಾಗಿಲಿಗೆ ಕಾಲು ಕೊಟ್ಟು ಎಳೆದಾಗ ಹಲಗೆಯ ಜೊತೆ ತಾನೂ ಬಂದು ತುಳಸಿಕಟ್ಟೆಯ ಹತ್ತಿರ ಕುಳಿತ. ಗೀರು ಬಿದ್ದದ್ದು ಎರಡಕ್ಕೇ ಆದರೂ, ಎರಡು ಹೊಸದು ಎರಡು ಹಳೆಯದು ಕಂಡರೆ ಗೊತ್ತಾಗುತ್ತದೆಂದು ನಾಲ್ಕನ್ನೂ ಬಿಚ್ಚಿದ. ಯಜಮಾನರು ದವಾಖಾನೆಯಲ್ಲಿ ಕೊಟ್ಟ ಕರಿ ಚಾಳೀಸು ಕಣ್ಣಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತರು. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಒಂದು ಬಟ್ಟಲಲ್ಲಿ ಹಾಕಿಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. "ಇವು ನನ್ನ ಜವಾಬ್ದಾರಿ," ಎಂದರು. ಯಾರೂ ಕೇಳಿರಲಿಲ್ಲ.

ನಾನು ಹಲಗೆಗಳನ್ನು ಸೋಪಿನ ನೀರಿನಲ್ಲಿ ಹಳೆಯ ಹಲ್ಲುಬ್ರಶ್ಶಿನಿಂದ ತಿಕ್ಕಿ ತೊಳೆದೆ. ಧರ್ಮರಾಜ ಗೀರುಗಳಿಗೆ ಪುಟ್ಟಿ ತುಂಬಿದ, ಒಣಗಿದ ಮೇಲೆ ಪಾಲಿಶ್ ಕಾಗದದಿಂದ ಉಜ್ಜಿದ. ಇನ್ನು ಬಣ್ಣ ಬೇಕು. ಅಕ್ಕಲಕೋಟೆಯಲ್ಲಿ ಕೇಳಿದರೆ ಗೋಡೆಯ ಬಣ್ಣ ಇತ್ತು, ಕಿಟಕಿಯ ಬಣ್ಣ ಇತ್ತು. ಪ್ಲಾಸ್ಟಿಕ್ಕಿಗೆ ಹೊಂದುವ ಬಣ್ಣವನ್ನು ಬೇಕಾದ ಹಾಗೆ ಕಲಸಿ ಸ್ಪ್ರೇ ಡಬ್ಬಿಗೆ ತುಂಬಿ ಕೊಡುವವನು ನವಿ ಪೇಠದಲ್ಲಿದ್ದಾನೆಂದು ಗೊತ್ತಾಯಿತು. ಫೋನು ಮಾಡಿ ಹೇಳಿದರೆ ನಿತಿನ ಸಂಜೆ ಕೆಲಸ ಮುಗಿಸಿ ಬರುವಾಗ ತರುತ್ತಾನೆ ಎಂದಾಯಿತು.

"ಮರಾಠಿ ನೀ ಮಾತಾಡು ಅಕ್ಕಾ," ಎಂದ ಧರ್ಮರಾಜ. "ನೀ ಕಾಲೇಜ ಕಲತಾಕಿ."

ನಾನು ಸೊಲ್ಲಾಪುರದಲ್ಲಿ ಬಿ.ಎ. ಓದಿದವಳು. ಕನ್ನಡವೇ ನನ್ನ ವಿಷಯವಾದರೂ ಮರಾಠಿ ನೀರಿನ ಹಾಗೆ ಬರುತ್ತದೆಂಬ ಗರ್ವ ನನಗಿತ್ತು. ಒಲೆಯ ಮೇಲೆ ಬೇಳೆಯ ಕುಕ್ಕರ್ ಇಟ್ಟು ಫೋನು ಮಾಡಿದೆ.

"ಬೋಲಾ ಕಾಕೂ," ಎಂದ ಅಂಗಡಿಯವನು, ಹೇಳಿ ಚಿಕ್ಕಮ್ಮ ಎಂದು. ದನಿಯಲ್ಲಿ ಬಹಳ ಮರ್ಯಾದೆ ಇತ್ತು.

ಗಾಡಿಯ ಬಾಗಿಲಿನ ಒಳಗಿನ ಪಟ್ಟಿಗೆ ಬಣ್ಣ ಬೇಕು ಎಂದು ವಿವರಿಸಿದೆ. ಯಾವ ಬಣ್ಣ ಎಂದ. ಬೂದು ಬಣ್ಣಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. "ಕರಡೀ ಪಾಹಿಜೆ," ಎಂದೆ, ಬೂದು ಬೇಕು ಎಂಬರ್ಥದಲ್ಲಿ.

"ಕರಡೀ?"

"ಹೋ, ಕರಡೀ."

ಅಷ್ಟರಲ್ಲಿ ಕುಕ್ಕರ್ ಸೀಟಿ ಹಾಕಿತು. ಅವನು ಮತ್ತೇನೋ ಕೇಳಿದ. ಅದರಲ್ಲಿ ನನಗೆ ಕೇಳಿಸಿದ್ದು 'ಫುಲ್' ಎನ್ನುವ ಒಂದು ಶಬ್ದ. ಡಬ್ಬಿ ಫುಲ್ ಬೇಕೋ ಅರ್ಧ ಬೇಕೋ ಎಂದು ಕೇಳುತ್ತಿದ್ದಾನೆಂದು ತಿಳಿದು, "ಹೋ, ಫುಲ್. ಚಾರ ಡಬೆ ದ್ಯಾ," ಎಂದು ನಾಲ್ಕು ಡಬ್ಬಿ ಹೇಳಿದೆ. "ಛಾನ," ಬಹಳ ಚಲೋ, ಎಂದ ಅವನು. ಬಹಳ ಸಂತೋಷವಾದಂತೆ ಇತ್ತು ಅವನ ದನಿ. ನಮ್ಮ ಬಾಗಿಲಿನ ಬೂದು ಬಣ್ಣದಲ್ಲಿ ಅವನಿಗೇನು ಅಷ್ಟು ಸಂತೋಷ ಎಂದು ನಾನು ವಿಚಾರ ಮಾಡಲಿಲ್ಲ.

ಸಂಜೆ ನಿತಿನ ಬಂದ. ಬಣ್ಣದ ಅಂಗಡಿ ಅವನ ಮಾವನಾಗಬೇಕಾದವರ ಅಂಗಡಿಯಿಂದ ಐದನೆಯದು. ಗುರುತು ಸಿಗಬಾರದೆಂದು ಹೆಲ್ಮೆಟ್ ತೆಗೆಯದೆಯೇ ಒಳಗೆ ಹೋಗಿದ್ದನಂತೆ. "ಕಳ್ಳ ಬಂದಾನ ಅಂತ ಅಂಗಡಿಯವ ಗಲ್ಲಾದ ಕೀಲಿ ಹಾಕಿದ ಅತ್ತಿ," ಎಂದ. ಆದರೂ ಆ ಅಂಗಡಿಯವನು ಒಳ್ಳೆಯವನು. ಡಬ್ಬಿಗಳು ಒಂದಕ್ಕೊಂದು ಬಡಿಯಬಾರದೆಂದು ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ್ದ. ಕೇಳದಿದ್ದರೂ ಎರಡು ಜೊತೆ ಕೈಗವಸು ಹಾಕಿದ್ದ. 'ಕಾಕೂಂಸಾಠೀ', ಚಿಕ್ಕಮ್ಮನಿಗೆ, ಎಂದು ಚೀಟಿ ಅಂಟಿಸಿದ್ದ. ನನ್ನ ಕೈಗೆ ಬಣ್ಣ ಹತ್ತಬಾರದೆಂದು ಯಾರೋ ಗುರುತಿಲ್ಲದವನು ವಿಚಾರ ಮಾಡಿದ್ದು ನೋಡಿ ನನಗೆ ಆ ಸಂಜೆಯೆಲ್ಲ ಹಿತವೆನಿಸಿತು.

ನಿತಿನ ಹಲಗೆಗಳ ಸುತ್ತ ತಿರುಗಿ, ಅಪ್ಪ ಮಾಡಿದ ಕೆಲಸದ ನಾಲ್ಕಾರು ಫೋಟೊ ಹೊಡೆದುಕೊಂಡ. ಮೊದಲ ಪಾಳಿ ಇದೆ, ಬೆಳಗ್ಗೆ ಬೇಗ ಏಳಬೇಕು ಎಂದು ಊಟ ಮಾಡಿ ಹೊರಟ.

ಗುರುವಾರ ಮಧ್ಯಾಹ್ನ ಯಜಮಾನರು ಮಲಗಿದ್ದರು. ಬಣ್ಣದ ಗಾಳಿ ಕಣ್ಣಿಗೆ ತಾಗಬಾರದೆಂದು ಅವರ ಕೋಣೆಯ ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಸಂದಿಗೆ ಹಳೆಯ ಸೀರೆ ತುರುಕಿದ್ದೆ. ಧರ್ಮರಾಜ ತಗಡಿನ ಕೆಳಗೆ ಹಲಗೆಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿದ. ಬಾಯಿ ಮೂಗಿಗೆ ಟವೆಲ್ ಸುತ್ತಿದ. ಕಣ್ಣಿಗೆ ಏನು ಎಂದು ಹುಡುಕಿ, ಗೂಡಿನಲ್ಲಿದ್ದ ಯಜಮಾನರ ಕರಿ ಚಾಳೀಸು ಏರಿಸಿಕೊಂಡ. ನಾನು ಒಳಗೆ ಚಹಾಕ್ಕೆ ನೀರಿಟ್ಟೆ. ಹೊರಗಿನಿಂದ ಡಬ್ಬಿ ಅಲ್ಲಾಡಿಸುವ ಗಿಲಗಿಲ, ಆಮೇಲೆ ಹಾವು ಬುಸುಗುಟ್ಟಿದಂಥ ಸದ್ದು, ನಡುನಡುವೆ ಅವನ ಸಿಳ್ಳೆ. ಚಹಾ ಕುದಿಸಿ, ಪಾತ್ರೆ ತೊಳೆದು, ಅರ್ಧ ತಾಸು ಬಿಟ್ಟು ಕಪ್ಪು ಹಿಡಿದುಕೊಂಡು ಹೊರಗೆ ಬಂದೆ. ಬಂದವಳು ಅಲ್ಲಿಯೇ ನಿಂತೆ.

"ಧರ್ಮಾ, ಇದ್ಯಾವ ಬಣ್ಣೋ?"

"ಯಾವ ಬಣ್ಣ ಅಂದ್ರ? ಬೂದ ಬಣ್ಣ. ಎಷ್ಟ ಚಂದ ಕುಂತದ ನೋಡು. ನಾಕೂ ಮುಗದು."

"ಚಾಳೀಸ ತಗಿ."

ಅವನು ಚಾಳೀಸು ತೆಗೆದ. ಹಲಗೆ ನೋಡಿದ. ಮತ್ತೆ ಹಾಕಿಕೊಂಡ. ಮತ್ತೆ ತೆಗೆದ. ಕುಂಕುಮ ಬೆರೆಸಿದ ಅರಿಶಿನದ ಹಾಗೆ ನಾಲ್ಕು ಹಲಗೆಗಳೂ ಧಗಧಗ ಎನ್ನುತ್ತಿದ್ದವು.

"ಹಾಕ್ಕೊಂಡ್ರ ಸರಿ ಅದ ಅಕ್ಕಾ," ಎಂದ ಸಣ್ಣ ದನಿಯಲ್ಲಿ.

ಬಾಗಿಲ ಸಂದಿಯ ಸೀರೆ ಸರಿಸಿ ಯಜಮಾನರು ಹೊರಗೆ ಇಣುಕಿದರು. ಆಪರೇಶನ್ ಆದ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದರು. "ಡಾಕ್ಟರ್ ಅಂದಿದ್ದ, ಇನ್ನ ಮ್ಯಾಲ ಬಣ್ಣಾ ಎಲ್ಲಾ ಹೊಳೀತಾವ ಅಂತ. ಇಷ್ಟ ಹೊಳೀತಾವ ಅಂತ ಹೇಳಿರಲಿಲ್ಲ."

ನಾನು ಡಬ್ಬಿಯೊಂದನ್ನು ಎತ್ತಿಕೊಂಡು ಚೀಟಿ ಓದಿದೆ. ಅಂಗಡಿಯವನು ದುಂಡಗಿನ ಅಕ್ಷರದಲ್ಲಿ ಬರೆದಿದ್ದ: 'ಕರಡೀ, ಫೂಲ.' ಓದಿದ ಕೂಡಲೇ ನನ್ನ ತಪ್ಪು ತಿಳಿಯಿತು.

ಕನ್ನಡದ ನಮಗೆ ಬಣ್ಣವೂ ಒಂದೇ, ಬಾಗಿಲೂ ಒಂದೇ, ಎರಡೂ 'ಅದು'. ಮರಾಠಿಯಲ್ಲಿ ಹಾಗಲ್ಲ. ಅಲ್ಲಿ ಬಣ್ಣ ಗಂಡು, ಪಟ್ಟಿ ಹೆಣ್ಣು. ಬೂದು ಬಣ್ಣ ಎನ್ನಲು 'ಕರಡಾ' ಎನ್ನಬೇಕು. ನನ್ನ ತಲೆಯಲ್ಲಿ ಬಾಗಿಲಿನ ಪಟ್ಟಿ ಕುಳಿತಿತ್ತು, ಹೆಣ್ಣಾಗಿ 'ಕರಡೀ' ಎಂದೆ. 'ಕರಡೀ' ಎಂದರೆ ಮರಾಠಿಯಲ್ಲಿ ಕುಸುಬಿ. ಎಣ್ಣೆ ತೆಗೆಯುತ್ತೇವಲ್ಲ, ಆ ಕುಸುಬಿ. ಅದರ ಹೂವಿನ ಬಣ್ಣವೇ ಎಂದು ಪಾಪ ಅವನು ಕೇಳಿದ್ದಾನೆ. ಅವರ ಭಾಷೆಯಲ್ಲಿ ಹೂವಿಗೆ 'ಫೂಲ'. ಕುಕ್ಕರಿನ ಸೀಟಿಯಲ್ಲಿ ನಾನು ಅದನ್ನು 'ಫುಲ್' ಮಾಡಿಕೊಂಡು ಹೂಂಗುಟ್ಟಿದ್ದೇನೆ.

ಇದನ್ನೆಲ್ಲ ಇಬ್ಬರಿಗೂ ಬಿಡಿಸಿ ಹೇಳಿದೆ. "ವ್ಯಾಕರಣದ ಪ್ರಕಾರ ನಂದು ಪೂರಾ ತಪ್ಪಲ್ಲ," ಎಂದೂ ಸೇರಿಸಿದೆ.

"ಇಲ್ಲ ಇಲ್ಲ, ವ್ಯಾಕರಣ ಬರೋಬ್ಬರಿ ಅದ," ಎಂದರು ಯಜಮಾನರು. "ಪುಣ್ಯಾಕ ಅಂವಾ ಮರಾಠಿ ಮನಿಷ್ಯಾ. ಕನ್ನಡದಾಂವ ಇದ್ದಿದ್ರ ಕರಡಿ ಅಂದ ಕೂಡ್ಲೆ ಬಾಗಲಿಗಿ ಕೂದಲಾ ಹಚ್ಚಿ ಕಳಸ್ತಿದ್ದ."

ಧರ್ಮರಾಜ ನಗಲಿಲ್ಲ. ಹೊರಸಿನ ತುದಿಯಲ್ಲಿ ಕುಳಿತ. ನನ್ನನ್ನು ಬೈಯಲೂ ಇಲ್ಲ. ಅದೇ ನನಗೆ ಹೆಚ್ಚು ನೋವು ಮಾಡಿತು. "ನೀ ಮನಸಿಗಿ ಹಚ್ಚಿಕೋಬ್ಯಾಡ ಅಕ್ಕಾ. ನಾ ಮಾತಾಡಿದ್ರ ಆ ನಾಕ ಡಬ್ಬೀನೂ ಬರತಿರಲಿಲ್ಲ," ಎಂದ. ಚಹಾ ಆರಿ ಕೆನೆ ಕಟ್ಟಿತ್ತು. ಹಾಗೆಯೇ ಕುಡಿದ.

ಮತ್ತೆ ಬಣ್ಣ ತರಲು ಹೊತ್ತಿರಲಿಲ್ಲ. ಹಸಿ ಬಣ್ಣದ ಮೇಲೆ ಇನ್ನೊಂದು ಹೊಡೆದರೆ ಸುಕ್ಕುಗಟ್ಟುತ್ತದೆಂದು ವಿಡಿಯೊದ ಹುಡುಗ ಮೊದಲೇ ಹೇಳಿದ್ದ. ಶುಕ್ರವಾರ ಬೆಳಗ್ಗೆ ಹಲಗೆಗಳನ್ನು ಕೂಡಿಸಿದೆವು. ಕೂಡಿಸಿದ ಮೇಲೆ ಯಜಮಾನರ ಬಟ್ಟಲಲ್ಲಿ ಮೂರು ಸ್ಕ್ರೂ ಉಳಿದವು. ಎಣಿಸಿ ಬಿಚ್ಚಿದ್ದೆವಲ್ಲ ಎಂದು ಎಷ್ಟು ಹುಡುಕಿದರೂ ಅವುಗಳ ಜಾಗ ಸಿಗಲಿಲ್ಲ. "ಕಂಪನಿಯವ್ರು ಜಾಸ್ತಿ ಹಾಕಿರತಾರ," ಎಂದು ಅವುಗಳನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು. ಹಿಂದಿನ ಕಿಟಕಿಯ ಗುಂಡಿ ಮೇಲೆ ಒತ್ತಿದರೆ ಕಾಜು ಕೆಳಗೆ ಇಳಿಯಿತು, ಕೆಳಗೆ ಒತ್ತಿದರೆ ಮೇಲೆ ಏರಿತು. ಏರಿಳಿಯುವುದಂತೂ ಏರಿಳಿಯಿತು.

ಅಕ್ಕಲಕೋಟೆಯಿಂದ ಸೊಲ್ಲಾಪುರ ಒಂದು ತಾಸಿನ ದಾರಿ. ಧರ್ಮರಾಜ ಗಾಡಿ ಹೊಡೆಯುತ್ತಿದ್ದ, ನಾನು ಪಕ್ಕದಲ್ಲಿ, ಯಜಮಾನರು ಹಿಂದೆ. ಹೊಸ ಧೋತರ ಉಟ್ಟು ಕರಿ ಚಾಳೀಸು ಹಾಕಿಕೊಂಡ ಅವರೊಬ್ಬರಿಗೇ ಗಾಡಿಯೊಳಗೆ ಎಲ್ಲವೂ ಬೂದಾಗಿ ಕಾಣುತ್ತಿತ್ತು. ಬಿಸಿಲು ಏರಿದಂತೆ ಬಾಗಿಲುಗಳಿಂದ ಕೇಸರಿ ಬೆಳಕು ನಮ್ಮ ಮುಖದ ಮೇಲೆ ಬಿತ್ತು. ಎದುರಿನಿಂದ ಬರುವ ಬೈಕಿನವರು ತಿರುತಿರುಗಿ ನೋಡಿದರು.

"ಏನ ಹೇಳಬೇಕಂತ ಮಾಡಿದಿ?" ಎಂದೆ.

"ಬಿಸಲಿಗಿ ಬಣ್ಣಾ ತಿರಗೇದ ಅಂತೀನಿ."

"ಬಿಸಲಿಗಿ ಬಣ್ಣಾ ಹಾರತದೋ, ಹಿಂಗ ಏರತದೇನು?" ಎಂದರು ಹಿಂದಿನಿಂದ ಯಜಮಾನರು.

"ಹಂಗಾದ್ರ ಹೊಸಾ ಫ್ಯಾಶನ್. ಬೀಗರಿಗಿ ಕಾಣಿಕಿ ಅಂತ ಮಾಡಿಸೀನಿ ಅಂತೀನಿ."

"ಅವ್ರು ಅರಿವಿ ವ್ಯಾಪಾರಸ್ಥರು. ಅವರಿಗಿ ನೀ ಫ್ಯಾಶನ್ ಹೇಳಾಂವ?"

ದಾರಿಯುದ್ದಕ್ಕೂ ಧರ್ಮರಾಜ ಸುಳ್ಳು ಹುಡುಕಿದ, ಯಜಮಾನರು ಮಾಸ್ತರಿಕೆ ಮಾಡಿ ಒಂದೊಂದನ್ನೇ ನಪಾಸು ಮಾಡಿದರು. ಕಡೆಗೆ ಬಿಸಿಲಿನದೇ ಉಳಿಯಿತು. ಬಣ್ಣ ಕೆಡಿಸಿದವಳು ನಾನು. ಬುದ್ಧಿ ಹೇಳುವ ಬಾಯಿ ನನಗೆ ಉಳಿದಿರಲಿಲ್ಲ.

ನವಿ ಪೇಠದಲ್ಲಿ ಅಂಗಡಿಗಳು ಆಗತಾನೆ ತೆರೆದಿದ್ದವು. ಶಾಂತಲಿಂಗಪ್ಪನವರು ಅಂಗಡಿಯ ಮೆಟ್ಟಿಲಲ್ಲೇ ನಿಂತಿದ್ದರು, ಪಕ್ಕದಲ್ಲಿ ನಿತಿನ. ಮೇಲಿನ ಗ್ಯಾಲರಿಯಲ್ಲಿ ಪಾರ್ವತಿಬಾಯಿ ಒಣಹಾಕಿದ ಬಟ್ಟೆ ತೆಗೆಯುತ್ತಿದ್ದರು. ನಮ್ಮನ್ನು ನೋಡಿ ಕೈ ನಿಲ್ಲಿಸಿದರು.

"ಬರ್ರಿ ಬರ್ರಿ. ಮಾಸ್ತರ, ಕಣ್ಣ ಹ್ಯಾಂಗ ಅವರಿ?" ಎಂದು ಶಾಂತಲಿಂಗಪ್ಪನವರು ತಾವೇ ಮುಂದೆ ಬಂದು ಹಿಂದಿನ ಬಾಗಿಲು ತೆರೆದರು. ಯಜಮಾನರ ಕೈ ಹಿಡಿದು ಇಳಿಸಿದರು. ಅವರು ಇಳಿದು ನೆಟ್ಟಗೆ ನಿಲ್ಲುವವರೆಗೆ ಕೈ ಬಿಡಲಿಲ್ಲ. ಆಮೇಲೆ ಬಾಗಿಲು ಹಾಕಲು ತಿರುಗಿದರು.

ಹಾಕಲಿಲ್ಲ. ಬಗ್ಗಿ ನೋಡಿದರು. ಸೀರೆಯ ಸೆರಗನ್ನು ಪರೀಕ್ಷೆ ಮಾಡುವ ಹಾಗೆ ಹೆಬ್ಬೆರಳು ತೋರುಬೆರಳಿನ ನಡುವೆ ಹಲಗೆಯ ಅಂಚನ್ನು ಹಿಡಿದು ಸವರಿದರು. ನಾಲ್ಕು ಬಾಗಿಲೂ ಒಂದೊಂದಾಗಿ ತೆರೆದರು.

"ಕುಸುಬಿ ಹೂವಿನ ಬಣ್ಣ," ಎಂದರು.

ನಲವತ್ತು ವರ್ಷ ಬಟ್ಟೆ ಮಾರಿದ ಕಣ್ಣು. ಧರ್ಮರಾಜ ಗಂಟಲು ಸರಿಮಾಡಿಕೊಂಡ. "ಬಿಸಲಿಗಿರಿ..." ಎಂದು ಶುರು ಮಾಡಿದ.

ಶಾಂತಲಿಂಗಪ್ಪನವರು ಅವನತ್ತ ನೋಡಿದರು. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ, ನಗೆಯೂ ಇರಲಿಲ್ಲ; ಮುಂದಿನ ಮಾತಿಗೆ ಕಾಯುತ್ತಿದ್ದರು ಅಷ್ಟೇ. ನನ್ನ ತಮ್ಮ ಬಾಯಿ ಮುಚ್ಚಿದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

"ಬಿಸಲಲ್ಲರಿ. ಸುಳ್ಳ ಹೇಳಾಕ ಹೊಂಟಿದ್ದೆ. ಆಡಿರಿ."

"ಆಡು?"

"ಹೌದ್ರಿ. ನಮ್ಮ ಹಣಮವ್ವನ ಆಡು. ಈಯಲಾರದ ಬಿದ್ದಿತ್ತು. ನಿಮ್ಮ ಗಾಡ್ಯಾಗ ಹಾಕ್ಕೊಂಡ ಹೋಗೀನಿ. ಕೋಡಲೆ ಗೀರೇದ. ಅದನ್ನ ಮುಚ್ಚಬೇಕಂತ ಬಣ್ಣಾ ಹೊಡದೀನಿ. ಅದೂ ಕೆಟ್ಟದ. ನಾ ಕಂಪನಿ ಕಡಿಂದ ಹೊಸಾ ಬಾಗಲಾ ಹಾಕಿಸಿ ಕೊಡತೀನ್ರಿ. ಸಿಟ್ಟು ಇದ್ರ ನನ್ನ ಮ್ಯಾಲ ಇಡ್ರಿ, ಹುಡುಗನ ಮ್ಯಾಲ ಬ್ಯಾಡ."

"ಬಣ್ಣದ ತಪ್ಪು ನಂದ್ರಿ," ಎಂದೆ ನಾನು. ಕರಡಾ, ಕರಡೀ, ಕುಕ್ಕರ್ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಉದ್ದವಾಯಿತು. ಪಕ್ಕದ ಅಂಗಡಿಯವರು ಇಬ್ಬರು ಬಂದು ನಿಂತು ಕೇಳಿದರು. ಅವರಲ್ಲಿ ಒಬ್ಬ ಮರಾಠಿಯವನು, ವ್ಯಾಕರಣದ ಪ್ರಕಾರ ಕಾಕೂದು ಸರಿ ಎಂದ.

ಶಾಂತಲಿಂಗಪ್ಪನವರು ಕೇಳಿದ್ದು ಒಂದೇ. "ಆಡ ಎಲ್ಲಿ ಕುಂತಿತ್ತು?"

"ಹಿಂದ್ರಿ. ಹಣಮವ್ವನ ತೊಡಿ ಮ್ಯಾಲ."

"ಹ್ಮ್," ಎಂದರು. "ಮ್ಯಾಲ ಬರ್ರಿ, ಚಹಾ ಆಗಲಿ."

ಧರ್ಮರಾಜ ಬರಲಿಲ್ಲ. ಇಲ್ಲಿ ಗಾಡಿ ನಿಲ್ಲಿಸಿದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ, ತಾನು ಗಾಡಿಯಲ್ಲೇ ಕೂಡುತ್ತೇನೆ ಎಂದ. ಆ ಗಾಡಿ ಎಂಟು ವರ್ಷದಿಂದ ಅಲ್ಲಿಯೇ ನಿಲ್ಲುತ್ತದೆ. ಯಾರೂ ಅವನಿಗೆ ಅದನ್ನು ಹೇಳಲಿಲ್ಲ.

ಮೇಲೆ ಗಂಡಸರು ಪಡಸಾಲೆಯಲ್ಲಿ ಕುಳಿತರು. ಮಾತು ಕಣ್ಣಿನ ಔಷಧದ ಸುತ್ತ ಮಾತ್ರ ಸುತ್ತುತ್ತಿತ್ತು. ದಿನ ತೆಗೆಯುವ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ನಾನು ತಡೆಯಲಾರದೆ ಅಡುಗೆಮನೆಗೆ ಹೋದೆ. ಪಾರ್ವತಿಬಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ರೂಪಾಲಿ ಕಟ್ಟೆಗೆ ಒರಗಿ ನಿಂತು, ನನ್ನನ್ನು ನೋಡಿ ಮುಖ ತಿರುಗಿಸಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ಹುಡುಗಿಯ ಭುಜ ಅಲ್ಲಾಡುತ್ತಿತ್ತು. ಅದು ನಗೆ.

"ಆಡ ಉಳೀತೇನ್ರಿ?" ಎಂದರು ಪಾರ್ವತಿಬಾಯಿ, ರೊಟ್ಟಿಯಿಂದ ಕಣ್ಣು ಎತ್ತದೆ.

"ಉಳೀತ್ರಿ. ಎರಡ ಮರಿ."

"ಎರಡು ಅಂತ ಗೊತ್ತದ. ಉಳೀತೋ ಇಲ್ಲೋ ಅದ ತಿಳಿದಿರಲಿಲ್ಲ." ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದರು. "ಬುಧವಾರ ಸಂಜೀಕ ನಿಮ್ಮ ನಿತಿನ ಇಕೀಗಿ ಫೋಟೊ ಕಳಿಸಿ, ಆಡು ಎರಡ ಮರಿ ಈದದ್ದೂ ಬರದಿದ್ದ. ಯಾರಿಗೂ ತೋರಸಬ್ಯಾಡ ಅಂತ ಆಣಿ ಹಾಕಿದ್ದನಂತ. ಇಕೀ ನನಗ ತೋರಿಸಿದ್ಲು. ನಾ ನಮ್ಮವರಿಗಿ ತೋರಿಸಿದಿನಿ."

ನಾವು ಗಾಡಿಯ ಮೇಲೆ ಹಾಸಿದ ಚಾದರ, ನಿತಿನನ ಹೆಲ್ಮೆಟ್, ದಾರಿಯುದ್ದಕ್ಕೂ ನಪಾಸಾದ ಸುಳ್ಳುಗಳು ಎಲ್ಲ ನೆನಪಾದವು.

"ಗೀರ ಬಿದ್ದದ್ದು ದೊಡ್ಡ ಮಾತಲ್ಲರಿ," ಎಂದರು ಅವರು. "ನಿಮ್ಮ ತಮ್ಮಾರು ಬಂದ ಏನಂತಾರ ನೋಡೂಣು ಅಂತ ಸುಮ್ಮ ಕುಂತಿದ್ದಿನಿ. ಬಿಸಲು ಅಂದ ಕೂಡ್ಲೆ ಗ್ಯಾಲರಿಯೊಳಗ ನನ್ನ ಕೈ ಕಾಲ ತಣ್ಣಗ ಆದು." ರೊಟ್ಟಿ ತಿರುವಿ ಹಾಕಿದರು. "ಬಣ್ಣದ್ದು ಮಾತ್ರ ಗೊತ್ತಿರಲಿಲ್ಲ. ಫೋಟೊದಾಗ ಬಣ್ಣ ಇರಲಿಲ್ಲ."

ರೂಪಾಲಿ ಈಗ ಮುಚ್ಚಿಡದೆ ನಕ್ಕಳು. "ಅತ್ತಿ, ನನಗ ಭಾಳ ಸೇರೇದರಿ. ಹಂಗ ಇರಲಿ ಅಂತೀನಿ ಪಪ್ಪಾಗ," ಎಂದಳು. ನನ್ನನ್ನು ಅವಳು 'ಅತ್ತಿ' ಎಂದು ಕರೆದದ್ದು ಅದೇ ಮೊದಲು.

ಪಾರ್ವತಿಬಾಯಿ ಪಡಸಾಲೆಯ ಕಡೆ ಮುಖ ಮಾಡಿ ದನಿ ಸ್ವಲ್ಪ ಎತ್ತರಿಸಿದರು. "ಏನ್ರಿ, ಪಂಚಾಂಗ ತಗೀರಿ. ಎಷ್ಟೊತ್ತ ಕಣ್ಣಿನ ಮಾತ ಆಡತೀರಿ?"

ಆಮೇಲೆ ಒಂದು ತಾಟು ತೆಗೆದುಕೊಂಡರು. ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆ, ಒಂದು ಬದಿಗೆ ಶೇಂಗಾ ಚಟ್ನಿ, ಅದರ ಮೇಲೆ ಗಟ್ಟಿ ಮೊಸರು. ಉಳ್ಳಾಗಡ್ಡಿಯನ್ನು ಅಂಗೈಯಲ್ಲಿ ಗುದ್ದಿ ಒಡೆದು ಪಕ್ಕಕ್ಕೆ ಇಟ್ಟರು. ರೂಪಾಲಿ ಕೈ ಚಾಚಿದಳು. ಕೊಡಲಿಲ್ಲ, ಸೆರಗು ತಲೆಯ ಮೇಲೆ ಎಳೆದುಕೊಂಡು ತಾವೇ ಮೆಟ್ಟಿಲಿಳಿದರು.

ನಾನು ಗ್ಯಾಲರಿಗೆ ಬಂದು ನೋಡಿದೆ. ಧರ್ಮರಾಜ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು, ಹೊರಡಲು ಅಪ್ಪಣೆ ಕಾಯುವ ಡ್ರೈವರನ ಹಾಗೆ ನೆಟ್ಟಗೆ ಕುಳಿತಿದ್ದ. ಪಾರ್ವತಿಬಾಯಿ ಕಿಟಕಿಯ ಹತ್ತಿರ ನಿಂತರು. ಅವನು ಗಡಬಡಿಸಿ ಕಾಜು ಇಳಿಸಿದ. ಅವರು ತಾಟನ್ನು ಒಳಗೆ ಕೊಟ್ಟರು. ಅವನು ಎರಡೂ ಕೈಯಿಂದ ತೆಗೆದುಕೊಂಡ.